ಅರೆಹೊಟ್ಟೆಯ ಲೆಕ್ಕ

1945ರ ಜನವರಿಯಲ್ಲಿ ಕಲ್ಯಾಣ್ ಪಕ್ಕದ ಟಿಟ್ವಾಲಾದಲ್ಲಿ ಕಿಸಾನ್ ಸಭೆಯ ಸಮ್ಮೇಳನ ನಡೆಯಿತು. ಥಾಣೆ ಜಿಲ್ಲೆಯ ಉತ್ತರದ ಕಾಡಂಚಿನಿಂದ ವಾರ್ಲಿ ಆದಿವಾಸಿಗಳೂ ಬಂದಿದ್ದರು. ಮುಂದೆ ಸಭೆಯ ನಾಯಕಿ ಗೋದಾವರಿ ಪರುಳೇಕರ್ ವಾರ್ಲಿಗಳ ಹಾಡಿಗಳಿಗೇ ಹೋಗಿ ಸಂಘಟನೆಗೆ ನಿಂತರು. ಅದೇ ವರ್ಷದ ಮೇ 23ರಂದು ಝರಿ ಎಂಬ ಊರಿನಲ್ಲಿ ಸಾವಿರಾರು ವಾರ್ಲಿಗಳು ಸೇರಿ, ಜಮೀನ್ದಾರರ ಬಿಟ್ಟಿ ಚಾಕರಿ ಇನ್ನು ಮಾಡುವುದಿಲ್ಲ ಎಂದು ನಿಶ್ಚಯಿಸಿದರು.

ಆ ಸಿಟ್ಟಿನ ಬೇರು ಹಸಿವಿನಲ್ಲಿತ್ತು. ಸುಗ್ಗಿಯಲ್ಲಿ ಬಂದ ಕಾಳು ಮಳೆ ಹಿಡಿಯುವ ಹೊತ್ತಿಗೆ ಮುಗಿದಿರುತ್ತಿತ್ತು. ಆಗ ಸಾಹುಕಾರನ ಬಾಗಿಲಲ್ಲಿ ನಿಂತು ‘ಖಾವಟಿ’ ತರಬೇಕು, ಅಂದರೆ ಉಣ್ಣಲು ಕಾಳಿನ ಸಾಲ. ಮಳೆಗಾಲದಲ್ಲಿ ಒಂದು ಮಣ ತಂದವನು ಸುಗ್ಗಿಗೆ ಒಂದೂವರೆ ಮಣ ಅಳೆದುಕೊಡಬೇಕಿತ್ತು. ಭತ್ತದ ನಾಟಿಯೂ ಅದೇ ತಿಂಗಳುಗಳಲ್ಲಿ. ದಿನವಿಡೀ ಕೆಸರಲ್ಲಿ ಬಗ್ಗಿ ದುಡಿಯುವಾಗಲೇ ಗಡಿಗೆಯಲ್ಲಿ ನೀರುನೀರಾದ ರಾಗಿ ಅಂಬಲಿ.

ಉಂಡದ್ದಕ್ಕಿಂತ ದುಡಿದದ್ದು ಹೆಚ್ಚಾದರೆ ದೇಹ ತನ್ನ ಕೊಬ್ಬನ್ನು ಕರಗಿಸುತ್ತದೆ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿ ಇರುತ್ತದೆ. ಬಡಕಲು ಮೈಯಲ್ಲಿ ಆ ಗಂಟು ಬೇಗ ಕರಗಿ, ಸ್ನಾಯುಗಳೂ ಸವೆಯತೊಡಗುತ್ತವೆ.

ವಾರ್ಲಿಗಳು ಎದ್ದು ನಿಂತ ಆ ತಿಂಗಳುಗಳಲ್ಲೇ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಆರು ತಿಂಗಳಲ್ಲಿ ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಎದೆಬಡಿತ ನಿಧಾನವಾಯಿತು, ಮೈ ಸದಾ ಚಳಿಗುಟ್ಟಿತು, ಗಟ್ಟಿಮುಟ್ಟಾದ ಹುಡುಗರಿಗೆ ಮೆಟ್ಟಿಲು ಹತ್ತುವುದೂ ಬೇಡವೆನಿಸಿತು. ಉಳಿದ ಶಕ್ತಿಯನ್ನು ಕಾಪಾಡಿಕೊಳ್ಳಲು ದೇಹವೇ ಚಲನೆಯನ್ನು ಕಡಿತಗೊಳಿಸಿತ್ತು. ಕಾಡಿನ ಜನರನ್ನು ಮೈಗಳ್ಳರೆಂದು ಜರೆಯುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಮಿನ್ನೆಸೋಟಾದವರಿಗಾದರೋ ಪ್ರಯೋಗ ಮುಗಿದ ಮೇಲೆ ಊಟ ಕಾದಿತ್ತು.

ಸ್ವಾತಂತ್ರ್ಯ ಬಂದಮೇಲೂ ಥಾಣೆಯ ಮಳೆಗಾಲದ ಹಸಿವು ಹೋಗಲಿಲ್ಲ. 1992-93ರಲ್ಲಿ ಜವ್ಹಾರ್ ತಾಲೂಕಿನ ವಾವರ್-ವಾಂಗಣಿಯಲ್ಲಿ ಅಪೌಷ್ಟಿಕತೆಯಿಂದ ಮಕ್ಕಳು ಸತ್ತ ಸುದ್ದಿ ಇಡೀ ಮಹಾರಾಷ್ಟ್ರವನ್ನು ಅಲುಗಾಡಿಸಿತು.

ಅದೇ ಜಿಲ್ಲೆಯ ತೆಂಕಣ ಭಾಗದಲ್ಲಿ ನಗರಗಳು ಬೆಳೆಯುತ್ತಿದ್ದವು. 1970ರಲ್ಲಿ ನಗರ ಕಟ್ಟುವ ಸರಕಾರಿ ನಿಗಮ ಸಿಡ್ಕೋ ಹುಟ್ಟಿ ನವಿಮುಂಬಯಿ ಎದ್ದಿತು. ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಕಟ್ಟಡಗಳು ಒತ್ತೊತ್ತಾದವು. ಅವಕ್ಕೆ ಬೇಕಾದ ಇಟ್ಟಿಗೆಗಾಗಿ ಭಿವಂಡಿ, ಕಲ್ಯಾಣ್, ಪನ್ವೇಲ್ ಸುತ್ತಲಿನ ಭಟ್ಟಿಗಳಿಗೆ ದೀಪಾವಳಿ ಕಳೆದ ಮೇಲೆ ಕಾತಕರಿ ಆದಿವಾಸಿ ಕುಟುಂಬಗಳು ಮುಂಗಡ ಪಡೆದು ಬರುತ್ತಿದ್ದವು, ಈಗಲೂ ಬರುತ್ತವೆ. ಗಂಡ ಹೆಂಡತಿ ಇಬ್ಬರೂ ಮಣ್ಣು ಕಲಸಿ ಅಚ್ಚು ಹಾಕುತ್ತಾರೆ. ಮಳೆ ಬಂದರೆ ಭಟ್ಟಿ ಬಂದ್, ಊರಿಗೆ ವಾಪಸು. ಮುಂಗಡ ತೀರದಿದ್ದರೆ ಮುಂದಿನ ವರ್ಷ ಮತ್ತೆ ಅದೇ ಮಾಲೀಕನ ಹತ್ತಿರ.

ಆ ಇಟ್ಟಿಗೆಯ ಮನೆಗಳಲ್ಲಿ ಈಗ ಚಿಂತೆ ಬೇರೆ: ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಒಂದೇ: 22.3. ಕೊಬ್ಬಿನ ಪಾಲು ಮಾತ್ರ ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ ಶೇಕಡಾ 21.2. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳಲ್ಲೂ ಯಾಜ್ಞಿಕ್ ತಂಡ ಇದನ್ನೇ ಕಂಡಿತು: ತೂಕ ಕಡಿಮೆ, ಸ್ನಾಯು ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿಲ್ಲ. ಗರ್ಭಿಣಿಯ ಪೋಷಣೆಯ ಕೊರತೆ ಮಗುವಿನ ಮುಂದಿನ ಸಕ್ಕರೆ ಕಾಯಿಲೆಗೆ ದಾರಿಯಾಗಬಹುದೆಂಬುದು ಅವರ ವಾದ. ಹಾಗಾದರೆ ಹಸಿವು ಮತ್ತು ಬೊಜ್ಜನ್ನು ಎರಡು ಬೇರೆ ಊರುಗಳ ಕಥೆಯೆಂದು ನೋಡುವುದು ತಪ್ಪು.

2014ರ ಆಗಸ್ಟ್ 1ರಂದು ಪಾಲ್ಘರ್ ಹೊಸ ಜಿಲ್ಲೆಯಾಗಿ ಜವ್ಹಾರ್, ಮೋಖಾಡಾಗಳು ಅತ್ತ ಸೇರಿದವು. ಶಹಾಪುರ, ಮುರ್ಬಾಡ್‌ಗಳ ಆದಿವಾಸಿ ಹಾಡಿಗಳು ಥಾಣೆಯಲ್ಲೇ ಉಳಿದವು. ಗರ್ಭಿಣಿಯ ಪೋಷಣೆಯ ಆ ಕೊರತೆ ನೀಗಲೆಂದು ಮರುವರ್ಷ ಬಂದ ಸರಕಾರದ ಅಮೃತ ಆಹಾರ ಯೋಜನೆ ಆದಿವಾಸಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಹೊತ್ತಿನ ಬಿಸಿಯೂಟ ಕೊಡುತ್ತದೆ. ಆದರೆ ದೀಪಾವಳಿ ಕಳೆದರೆ ಆ ತಾಯಿ ಹಾಡಿಯಲ್ಲಿರುವುದಿಲ್ಲ, ಕಲ್ಯಾಣ್‌ನ ಭಟ್ಟಿಯಲ್ಲಿರುತ್ತಾಳೆ. ಊಟದ ಪಟ್ಟಿಯಲ್ಲಿನ ಅವಳ ಹೆಸರು ಅವಳ ಜೊತೆ ಭಟ್ಟಿಯವರೆಗೂ ಹೋಗಬೇಕು.