ಆಮವಾತದ ಪಥ್ಯ ನಡೆದುಬಂದ ದಾರಿ

ಆಯುರ್ವೇದದಲ್ಲಿ ಆಮವಾತವನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟವನು ಸುಮಾರು 7–8ನೆಯ ಶತಮಾನದ ಮಾಧವಕರ. ಜೀರ್ಣವಾಗದೆ ಉಳಿದ ಅನ್ನರಸವೇ ಆಮ. ಅದು ವಾತದೊಡನೆ ಕೂಡಿ ಕೀಲುಗಳಲ್ಲಿ ನೆಲೆಸುತ್ತದೆ ಎಂಬುದು ಅವನ ಗ್ರಂಥ ‘ಮಾಧವನಿದಾನ’ದ ವಿವರಣೆ. ರೋಗದ ಮೂಲ ಹೊಟ್ಟೆಯಲ್ಲಿದ್ದ ಮೇಲೆ ಚಿಕಿತ್ಸೆಯೂ ಅಲ್ಲಿಂದಲೇ ಶುರುವಾಗಬೇಕಿತ್ತು. 11ನೆಯ ಶತಮಾನದ ಚಕ್ರಪಾಣಿದತ್ತ ಮೊದಲಿಗೆ ಹೇಳಿದ್ದು ಲಂಘನವನ್ನು, ಅಂದರೆ ಉಪವಾಸವನ್ನು. ಮುಂದಿನ ಗ್ರಂಥಗಳಲ್ಲಿ ಹುರುಳಿ, ಹಳೆಯ ಅಕ್ಕಿ, ಹಾಗಲಕಾಯಿ, ಶುಂಠಿ ಪಥ್ಯವಾದವು. ಹಾಲು, ಮೊಸರು, ಬೆಲ್ಲ, ಉದ್ದು, ಬಸಳೆ, ಮೀನು ಅಪಥ್ಯವಾದವು. ಇಂದಿನ ರುಮಟಾಯ್ಡ್ ಆರ್ಥ್ರೈಟಿಸ್‌ಗೂ ಆಮವಾತಕ್ಕೂ ಲಕ್ಷಣಗಳಲ್ಲಿ ಬಹಳ ಹೋಲಿಕೆಯಿದೆ, ಆದರೆ ಎರಡೂ ಒಂದೇ ಎನ್ನಲಾಗದು.

ಯುರೋಪಿನಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್‌ನ ಸ್ಪಷ್ಟ ವರ್ಣನೆ ಬಂದದ್ದು 1800ರಲ್ಲಿ, ಪ್ಯಾರಿಸ್ಸಿನ ಲಾಂದ್ರೆ-ಬೊವೆಯಿಂದ. ಗೌಟ್ ಎಂಬ ಇನ್ನೊಂದು ಕೀಲುರೋಗ ಇರುವವರ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು 1848ರಲ್ಲಿ ತೋರಿಸಿದ್ದ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರಿಟ್ಟು ಎರಡನ್ನೂ ಬೇರ್ಪಡಿಸಿದ. ಊಟದ ಮಟ್ಟಿಗೆ ಇದು ದೊಡ್ಡ ತಿರುವು. ಮಾಂಸ, ಮದ್ಯಗಳ ಕಟ್ಟುನಿಟ್ಟು ಗೌಟ್‌ಗೆ ಸೇರಿದ್ದು. ರುಮಟಾಯ್ಡ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುತ್ತದೆ, ಯೂರಿಕ್ ಆಮ್ಲದ ಪಾತ್ರವಿಲ್ಲ. ಈ ವ್ಯತ್ಯಾಸ ಮನೆಗಳನ್ನು ಮಾತ್ರ ಇನ್ನೂ ಪೂರ್ತಿ ಮುಟ್ಟಿಲ್ಲ. ಕೀಲು ನೋವೆಂದರೆ ಸಾಕು, ‘ವಾಯು’ ಎಂದು ಆಲೂಗಡ್ಡೆ, ಬದನೆ, ಬೇಳೆ ಎಲ್ಲವನ್ನೂ ಬಿಡಿಸುವುದುಂಟು. ಉರಿಯೂತದಿಂದ ಮೊದಲೇ ಮಾಂಸಖಂಡ ಕರಗುತ್ತಿರುವವರಿಗೆ ಪ್ರೋಟೀನು ಕೊಡುವ ಬೇಳೆಯನ್ನೂ ತಪ್ಪಿಸುವುದು ನಿಜಕ್ಕೂ ಹಾನಿಕರ.

20ನೆಯ ಶತಮಾನದ ಕೊನೆಗೆ ಪಥ್ಯಗಳನ್ನು ಪ್ರಯೋಗಕ್ಕೆ ಒಡ್ಡಲಾಯಿತು. ಅಮೆರಿಕದಲ್ಲಿ ಜನಪ್ರಿಯವಾಗಿದ್ದ, ಕೆಂಪು ಮಾಂಸ, ಹಣ್ಣು, ಹಾಲಿನ ಪದಾರ್ಥಗಳನ್ನು ಬಿಡಿಸುವ ಡಾಂಗ್ ಪಥ್ಯದಿಂದ ಒಟ್ಟಾರೆ ವಿಶೇಷ ಲಾಭವಿಲ್ಲವೆಂದು 1983ರಲ್ಲಿ ಪಾನುಷ್ ಅವರ ತಂಡ ಕಂಡುಕೊಂಡಿತು. 1991ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 7ರಿಂದ 10 ದಿನದ ಉಪವಾಸ, ಆಮೇಲೆ ಒಂದು ವರ್ಷ ಸಸ್ಯಾಹಾರ ಅನುಸರಿಸಿದವರ ಕೀಲು ನೋವು, ಬಾವು ಇಳಿದವು. ಚಕ್ರಪಾಣಿದತ್ತನ ಲಂಘನ ನೆನಪಾಗುವಂಥ ಫಲಿತಾಂಶವಿದು; ಆದರೂ ಬರೀ ಉಪವಾಸದ ಉಪಶಮನ ಮತ್ತೆ ಉಣ್ಣತೊಡಗಿದೊಡನೆ ಮಾಯವಾಗುವುದು ಸ್ವೀಡನ್ನಿನಲ್ಲಿ ಅದಾಗಲೇ ಕಂಡುಬಂದಿತ್ತು. ಅಪಥ್ಯದ ಪಟ್ಟಿಯಲ್ಲಿದ್ದ ಮೀನಿನ ಕಥೆ ತಿರುವುಮುರುವಾಯಿತು: ಅದರ ಎಣ್ಣೆಯಲ್ಲಿರುವ ಒಮೆಗಾ-3 ಕೊಬ್ಬು ನೋವನ್ನು ಸ್ವಲ್ಪ ತಗ್ಗಿಸುತ್ತದೆ ಎಂದು 1980ರ ದಶಕದಿಂದ ಹಲವು ಪ್ರಯೋಗಗಳು ತೋರಿಸಿದವು.

ಅಮೆರಿಕದ ಕೀಲುರೋಗ ತಜ್ಞರ ಸಂಘವಾದ ರುಮಟಾಲಜಿ ಕಾಲೇಜು 2022ರ ಮಾರ್ಗಸೂಚಿಯಲ್ಲಿ ತರಕಾರಿ, ಹಣ್ಣು, ಇಡೀ ಧಾನ್ಯ, ಬೀಜಗಳು, ಆಲಿವ್ ಎಣ್ಣೆ, ಮಿತವಾಗಿ ಮೀನು ಇರುವ ಮೆಡಿಟರೇನಿಯನ್ ಬಗೆಯ ಊಟವನ್ನು ಔಷಧದ ಜೊತೆಗೆ ಸೂಚಿಸಿತು. ಪುರಾವೆ ಇನ್ನೂ ಗಟ್ಟಿಯಾಗಿಲ್ಲದ ಕಾರಣ ಇದು ಷರತ್ತಿನ ಶಿಫಾರಸು. ಉಳಿದ ಪಥ್ಯಕ್ರಮಗಳಿಗೂ ಪೂರಕ ಮಾತ್ರೆಗಳಿಗೂ ಅಷ್ಟು ಒಪ್ಪಿಗೆಯೂ ಸಿಗಲಿಲ್ಲ.