ಹನಿಹನಿಗೂ ಲೆಕ್ಕವಿಟ್ಟ ನಗರ

ಪ್ರಾಚೀನ ನಾಗರಿಕತೆಗಳ ಹಿರಿಮೆಯನ್ನು ಅರಮನೆ, ಗೋಪುರಗಳ ಎತ್ತರದಿಂದ ಅಳೆಯುವುದು ರೂಢಿ. ಸಿಂಧೂ ನಾಗರಿಕತೆಯ ಹಿರಿಮೆಯನ್ನಾದರೋ ಬಾವಿ, ಕಾಲುವೆ, ಜಲಾಶಯಗಳಲ್ಲಿ ಕಾಣಬೇಕು. ಗುಜರಾತಿನ ಕಚ್ಛ್ ಜಿಲ್ಲೆಯ ಧೋಲಾವೀರಾ ಇದಕ್ಕೆ ಉತ್ತಮ ನಿದರ್ಶನ.

ಮಹಾರಣದ ಉಪ್ಪುನೆಲದ ನಡುವಣ ಖದೀರ್ ದ್ವೀಪದಲ್ಲಿರುವ ಈ ನಗರವನ್ನು 1960ರ ದಶಕದಲ್ಲಿ ಪುರಾತತ್ತ್ವಜ್ಞ ಜಗತ್ ಪತಿ ಜೋಶಿಯವರು ಗುರುತಿಸಿದರು. 1990ರಿಂದ ಆರ್. ಎಸ್. ಬಿಷ್ಟ್ ಅವರ ನೇತೃತ್ವದಲ್ಲಿ ವಿಸ್ತಾರವಾದ ಉತ್ಖನನ ನಡೆಯಿತು. 2021ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಮಳೆಯೂ ಅಲ್ಪ. ಆದರೂ ಕ್ರಿ.ಪೂ. 3000ದ ಸುಮಾರಿಗೆ ನೆಲೆಗೊಂಡ ಊರು ಮಹಾನಗರವಾಗಿ ಬೆಳೆಯಿತು. ಉತ್ತರಕ್ಕೆ ಮಾನಸರ್, ದಕ್ಷಿಣಕ್ಕೆ ಮನಹರ್ ಎಂಬ ಮಳೆಗಾಲದ ಎರಡು ಹಳ್ಳಗಳಿಗೆ ಒಡ್ಡು ಕಟ್ಟಿ, ಆ ನೀರನ್ನು ಜಲಾಶಯಗಳಿಗೆ ತಿರುಗಿಸಿದರು. ನಗರದ ನೆಲ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 13 ಮೀಟರ್ ಇಳಿಜಾರಾಗಿದೆ. ಆದ್ದರಿಂದ ಒಂದು ಜಲಾಶಯ ತುಂಬಿದೊಡನೆ ನೀರು ತಾನಾಗಿಯೇ ಮುಂದಿನದಕ್ಕೆ ಹರಿಯುತ್ತಿತ್ತು. ಪೂರ್ವದ ಜಲಾಶಯದ ಉದ್ದ ಸುಮಾರು 73 ಮೀಟರ್, ಅಗಲ 29 ಮೀಟರ್. ದಕ್ಷಿಣದಲ್ಲಿ ಬಂಡೆಯನ್ನೇ ಕೊರೆದು ಕೊಳಗಳನ್ನು ನಿರ್ಮಿಸಿದ್ದಾರೆ. ಕೋಟೆಯೊಳಗೆ ಬಿದ್ದ ಮಳೆನೀರನ್ನು ಸಂಗ್ರಹಿಸಲು ಮನುಷ್ಯನು ನಡೆದುಹೋಗಬಹುದಾದಷ್ಟು ದೊಡ್ಡ ಕಲ್ಲಿನ ಕಾಲುವೆಗಳಿದ್ದವು. ಬಾವಿಯ ಅಂಚಿನ ಕಲ್ಲಿನಲ್ಲಿ ಹಗ್ಗ ಉಜ್ಜಿ ಮೂಡಿದ ಗೆರೆಗಳು ಇಂದಿಗೂ ಉಳಿದಿವೆ.

ಅಳತೆಯಲ್ಲಿಯೂ ಈ ಜನರು ನಿಷ್ಠರು. ಸಿಂಧೂ ನಗರಗಳ ಇಟ್ಟಿಗೆಗಳ ದಪ್ಪ, ಅಗಲ, ಉದ್ದಗಳ ಪ್ರಮಾಣ 1:2:4. ನೂರಾರು ಮೈಲಿ ದೂರದ ಊರುಗಳಲ್ಲಿಯೂ ತೂಕದ ಕಲ್ಲುಗಳು ಒಂದೇ ಪದ್ಧತಿಯವು. ವ್ಯಾಪಾರಕ್ಕೂ ಕಟ್ಟಡಕ್ಕೂ ಸಮಾನವಾದ ಅಳತೆಯ ಶಿಸ್ತು ಅವರಲ್ಲಿತ್ತು.

ಇಂತಹ ನಗರವೂ ಕ್ಷೀಣಿಸಿತು. ಹವಾಮಾನ ಒಣಗಿದ್ದು, ದೂರದ ವ್ಯಾಪಾರ ಕುಗ್ಗಿದ್ದು ಇದಕ್ಕೆ ಕಾರಣಗಳೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಆದರೆ ಉತ್ಖನನವು ಇನ್ನೊಂದು ಸಂಗತಿಯನ್ನೂ ತೋರಿಸಿದೆ. ಜನರು ನಗರವನ್ನು ತೊರೆಯುವ ಮೊದಲೇ, ಕ್ರಿ.ಪೂ. 2000ದ ಸುಮಾರಿಗೆ, ಅದರ ನಿರ್ವಹಣೆ ಸಡಿಲಗೊಂಡಿತ್ತು. ಮುಂದೆ ಅಲ್ಲಿ ಕೊನೆಯದಾಗಿ ನೆಲೆಸಿದವರು ದುಂಡನೆಯ ಗುಡಿಸಲುಗಳಲ್ಲಿ ವಾಸಿಸಿದರು.

ಆ ಲಿಪಿಯನ್ನು ಇಂದಿಗೂ ಓದಲಾಗಿಲ್ಲವಾಗಿ, ನಿರ್ಮಾತೃಗಳ ಹೆಸರು ತಿಳಿದಿಲ್ಲ. ಅವರ ಕೆಲಸ ಹೇಳುವ ಪಾಠ ಮಾತ್ರ ಸ್ಪಷ್ಟವಾಗಿದೆ: ಕಟ್ಟುವುದು ಒಂದು ತಲೆಮಾರಿನ ಪುಣ್ಯ, ಕಟ್ಟಿದ್ದನ್ನು ಕಾಪಾಡುವುದು ಅನಂತರದ ಎಲ್ಲ ತಲೆಮಾರುಗಳ ಹೊಣೆ.