ಒಂಬತ್ತು ಅಂಗುಲದ ಕಥೆ

ಕಾರಿನ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗಿನ ಅಂತರಕ್ಕೆ ವೀಲ್‌ಬೇಸ್ ಎಂದು ಹೆಸರು. ನೋಡುವವರ ಕಣ್ಣಿಗೆ ಅದು ತಟ್ಟನೆ ಬೀಳುವುದಿಲ್ಲ. ಆದರೆ ಕಾರಿನ ಸ್ವಭಾವವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಅಂತರ ಕಡಿಮೆಯಿದ್ದರೆ ಕಾರು ಚುರುಕಾಗಿ ತಿರುಗುತ್ತದೆ, ಹೆಚ್ಚಿದ್ದರೆ ಸ್ಥಿರವಾಗಿ ಓಡುತ್ತದೆ ಮತ್ತು ಒಳಗೆ ಕುಳಿತವರಿಗೆ ಕಾಲು ಚಾಚಲು ಜಾಗ ಸಿಗುತ್ತದೆ. ಹಾಗಾದರೆ ಚುರುಕುತನಕ್ಕೆಂದೇ ಹುಟ್ಟಿದ ಸ್ಪೋರ್ಟ್ಸ್ ಕಾರನ್ನು ಉದ್ದ ಮಾಡಿದರೆ ಏನಾಗುತ್ತದೆ? ಇಂಗ್ಲೆಂಡಿನ ಜಾಗ್ವಾರ್ ಕಂಪೆನಿಯ ‘ಇ-ಟೈಪ್’ ಕಾರಿನ ಚರಿತ್ರೆ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

1961ರ ಮಾರ್ಚ್ ತಿಂಗಳಲ್ಲಿ ಜಿನೀವಾ ಪ್ರದರ್ಶನದಲ್ಲಿ ಇ-ಟೈಪ್ ಮೊದಲು ಕಾಣಿಸಿಕೊಂಡಿತು. ಉದ್ದನೆಯ ಮೂತಿ, ಹಿಂದಕ್ಕೆ ಸರಿದು ಕುಳಿತ ಪುಟ್ಟ ಕೋಣೆ, ಇಬ್ಬರಿಗಷ್ಟೇ ಜಾಗ. ಅದರ ಮೈಕಟ್ಟನ್ನು ರೂಪಿಸಿದವರು ಮಾಲ್ಕಮ್ ಸೇಯರ್. ವಿಮಾನ ಕಾರ್ಖಾನೆಯಲ್ಲಿ ಪಳಗಿದ್ದ ಸೇಯರ್, ಗಾಳಿ ಸುಲಭವಾಗಿ ಜಾರಿಹೋಗುವಂತೆ ಪ್ರತಿಯೊಂದು ಬಾಗನ್ನೂ ಗಣಿತದ ಲೆಕ್ಕಾಚಾರದಿಂದ ಎಳೆಯುತ್ತಿದ್ದರು. ಆ ಕಾರಿನ ವೀಲ್‌ಬೇಸ್ 96 ಅಂಗುಲ, ಅಂದರೆ ಸರಿಯಾಗಿ ಎಂಟು ಅಡಿ.

ಕೊಂಡವರು ಹೊಗಳಿದರು, ಜೊತೆಗೆ ಗೊಣಗಿದರು. ಎತ್ತರದ ಆಳುಗಳಿಗೆ ಕಾಲಿಡಲು ಜಾಗ ಸಾಲದು, ಮದುವೆಯಾಗಿ ಮಕ್ಕಳಾದರೆ ಕಾರನ್ನೇ ಮಾರಬೇಕು. ದೊಡ್ಡ ಗಿರಾಕಿಯಾಗಿದ್ದ ಅಮೆರಿಕದಲ್ಲಿ ಗೇರು ಬದಲಿಸುವ ಗೋಜಿಲ್ಲದ ಆಟೊಮ್ಯಾಟಿಕ್ ಕಾರಿಗೆ ಬೇಡಿಕೆಯಿತ್ತು. ಆ ಗೇರ್ ಪೆಟ್ಟಿಗೆಯನ್ನು ಕೂರಿಸಲು ಹಳೆಯ ಅಳತೆಯಲ್ಲಿ ಸ್ಥಳವಿರಲಿಲ್ಲ. ಸಂಸ್ಥಾಪಕ ಸರ್ ವಿಲಿಯಂ ಲಯನ್ಸ್ ಚೆಲುವಿನ ವಿಷಯದಲ್ಲಿ ಎಷ್ಟು ಸೂಕ್ಷ್ಮವೋ ವ್ಯಾಪಾರದಲ್ಲೂ ಅಷ್ಟೇ ಚತುರರು. 1966ರಲ್ಲಿ ‘2+2’ ಎಂಬ ಹೊಸ ಮಾದರಿ ಹೊರಬಂತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ವೀಲ್‌ಬೇಸ್ 105 ಅಂಗುಲವಾಯಿತು.

ಸೇರಿಸಿದ್ದು ಒಂಬತ್ತೇ ಅಂಗುಲ. ಆದರೆ ಇದು ಗಿಡ್ಡ ಲಂಗಕ್ಕೆ ಅಂಚು ಹೊಲಿದಷ್ಟು ಸುಲಭದ ಕೆಲಸವಲ್ಲ. ಇ-ಟೈಪಿನ ನಡುಭಾಗಕ್ಕೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇಲ್ಲ. ತಗಡನ್ನು ಬಾಗಿಸಿ ಬೆಸೆದ ಮೈಯೇ ಭಾರ ಹೊರುತ್ತದೆ. ಎಂಜಿನ್ ಹೊತ್ತ ಕೊಳವೆಗಳ ಚೌಕಟ್ಟನ್ನು ಅದರ ಮುಂಭಾಗಕ್ಕೆ ಬೋಲ್ಟ್ ಹಾಕಿ ಬಿಗಿಯಲಾಗಿದೆ. ಆದ್ದರಿಂದ ಹೆಚ್ಚುವರಿ ಉದ್ದವೆಲ್ಲ ನಡುಭಾಗದಲ್ಲೇ ಬರಬೇಕು. ನೆಲದ ತಗಡು, ಬಾಗಿಲ ಕೆಳಗಿನ ಭಾರ ಹೊರುವ ಅಂಚು, ಬಾಗಿಲು, ಹಿಂಬದಿಗೆ ಶಕ್ತಿ ಒಯ್ಯುವ ದಂಡ, ಬ್ರೇಕಿನ ಕೊಳವೆ ಎಲ್ಲವೂ ಉದ್ದವಾಗಬೇಕು. ಹಿಂದಿನ ಸೀಟಿನಲ್ಲಿ ಕುಳಿತವರ ತಲೆ ತಾಗದಂತೆ ಚಾವಣಿಯನ್ನೂ ಎತ್ತರಿಸಬೇಕಾಯಿತು. ತೂಕ ಸುಮಾರು ನೂರು ಕಿಲೋ ಏರಿತು.

ರಸಿಕರು ಮುಖ ಸಿಂಡರಿಸಿದ್ದು ಆ ಚಾವಣಿಯನ್ನು ಕಂಡು. ಮುಂದಿನ ಗಾಜು ನೆಟ್ಟಗೆ ನಿಂತಂತೆ ಕಾಣುತ್ತಿತ್ತು. 1968ರಲ್ಲಿ ಗಾಜಿನ ಬುಡವನ್ನು ಮುಂದಕ್ಕೆ ಸರಿಸಿ, ಅದನ್ನು ಹೆಚ್ಚು ಓರೆಯಾಗಿಸಿ ಈ ಕೊರತೆಯನ್ನು ಕೊಂಚ ಮರೆಸಲಾಯಿತು. 1971ರಲ್ಲಿ ಹನ್ನೆರಡು ಸಿಲಿಂಡರಿನ 5.3 ಲೀಟರ್ ಎಂಜಿನ್ ಬಂದಾಗ ಗಿಡ್ಡ ಅಳತೆಯನ್ನೇ ಕೈಬಿಟ್ಟರು. ತೆರೆದ ಕಾರು ಕೂಡ ಉದ್ದದ ಅಳತೆಯಲ್ಲೇ ತಯಾರಾಯಿತು. ಅನುಕೂಲವೇ ಗೆದ್ದಿತು ಎನ್ನಬಹುದು. ಆದರೆ 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡದ್ದು ಗಿಡ್ಡ ಅಳತೆಯ ತೆರೆದ ಕಾರನ್ನು!

ಉದ್ದ ಮಾಡಿದ್ದೆಲ್ಲ ಜಾಗಕ್ಕಾಗಿಯೇ ಎಂದು ಭಾವಿಸಬೇಕಾಗಿಲ್ಲ. ಜರ್ಮನಿಯ ಪೋರ್ಷೆ 911ರಲ್ಲಿ ಎಂಜಿನ್ ಇರುವುದು ಹಿಂದಿನ ಗಾಲಿಗಳಿಗೂ ಹಿಂದೆ. ಬಾಲ ಭಾರವಾದ ಆ ಕಾರು ವೇಗದ ತಿರುವಿನಲ್ಲಿ ಹಿಂಬದಿಯಿಂದ ಜಾರಿ ಸುತ್ತಿಬಿಡುವ ಅಪಾಯವಿತ್ತು. ಮುಂದಿನ ಬಂಪರಿನೊಳಗೆ ಕಬ್ಬಿಣದ ಗಟ್ಟಿಗಳನ್ನಿಟ್ಟು ತೂಗಿಸುವ ಪ್ರಯತ್ನವೂ ನಡೆದಿತ್ತು. 1969ರ ಮಾದರಿಯಲ್ಲಿ ಎಂಜಿನ್ ಇದ್ದಲ್ಲೇ ಇರಲು ಬಿಟ್ಟು, ಹಿಂದಿನ ಗಾಲಿಗಳನ್ನಷ್ಟೇ 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಕಾರಿನ ಒಟ್ಟು ಆಕಾರ ಹಾಗೇ ಉಳಿಯಿತು, ನಡತೆ ಸುಧಾರಿಸಿತು.

ಕಾರ್ಖಾನೆಗಳು ಅಂದು ಮಾಡಿದ ಕೆಲಸವನ್ನು ಇಂದು ಖಾಸಗಿ ವರ್ಕ್‌ಶಾಪುಗಳೂ ಮಾಡುತ್ತವೆ. ಎತ್ತರದ ಮಾಲೀಕರಿಗಾಗಿ ಗಿಡ್ಡ ಕಾರನ್ನು ಹಿಗ್ಗಿಸುವುದುಂಟು, ಚೆಲುವಿಗಾಗಿ 2+2 ಕಾರನ್ನು ಕತ್ತರಿಸಿ ಗಿಡ್ಡ ಮಾಡುವುದೂ ಉಂಟು. ಕತ್ತರಿಸುವ ಮೊದಲು ಮೈ ಜಗ್ಗದಂತೆ ಗಟ್ಟಿ ಚೌಕಟ್ಟಿಗೆ ಬಿಗಿಯಬೇಕು. ಎಡಬಲದ ಅಳತೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಗಾಲಿಗಳು ಒಂದೇ ಜಾಡಿನಲ್ಲಿ ಸಾಗದೆ ಕಾರು ಏಡಿಯಂತೆ ಓರೆಯಾಗಿ ಓಡತೊಡಗುತ್ತದೆ.

ಇದಕ್ಕಿಂತ ಕಠಿಣವಾದುದು ಇನ್ನೊಂದು ಪ್ರಶ್ನೆ: ಹೀಗೆ ಬದಲಾದ ಕಾರು ಹಳೆಯದೋ ಹೊಸದೋ? ಜಾಗ್ವಾರ್ 2008ರಲ್ಲಿ ಟಾಟಾ ಸಂಸ್ಥೆಯ ಪಾಲಾಯಿತು. ಭಾರತದ ಕಾನೂನು ಕೂಡ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ಮಾನ್ಯತೆ ದೊರೆಯಬೇಕಾದರೆ ಅದು ಮೂಲ ರೂಪದಲ್ಲಿರಬೇಕು. ಚಾಸಿ, ಮೈಕಟ್ಟು ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿರಕೂಡದು. 1966ರಲ್ಲಿ ಕಾರ್ಖಾನೆಯೇ ಉದ್ದ ಮಾಡಿದ ಕಾರಿಗೆ ಅದೇ ಮೂಲ ರೂಪ, ಆದ್ದರಿಂದ ಅಡ್ಡಿಯಿಲ್ಲ. ಅದೇ ಒಂಬತ್ತು ಅಂಗುಲವನ್ನು ಇಂದು ಯಾರಾದರೂ ಸೇರಿಸಿದರೆ ಆ ಮಾನ್ಯತೆ ಕೈತಪ್ಪುತ್ತದೆ.

ಬಳಸುವ ವಸ್ತುವನ್ನು ತನಗೆ ಹೊಂದುವಂತೆ ತಿದ್ದಿಕೊಳ್ಳುವುದು ಮಾಲೀಕನ ಹಕ್ಕು, ಮುಂದಿನ ತಲೆಮಾರಿಗೆ ಸಾಕ್ಷಿಯಾಗಿ ಉಳಿಸುವುದು ಅವನ ಹೊಣೆ. ಸೇಯರ್ 1970ರಲ್ಲಿ ತೀರಿಕೊಂಡರು. ಅವರ ಲೆಕ್ಕಾಚಾರ ಇಂದು ಉಳಿದಿರುವುದು ಆ ತಗಡಿನ ಬಾಗುಗಳಲ್ಲಿ. ಗರಗಸ ಕೈಗೆತ್ತಿಕೊಳ್ಳುವವರು ಕತ್ತರಿಸುವುದು ಅದನ್ನೇ.